ಎಡೆನ್‌ಫೀಲ್ಡ್ ದಾಟಿದ ಮೇಲೆ ಬಸ್ ದರ ಯಾಕೆ ಬೇರೆ?

ಇಂಗ್ಲೆಂಡಿನ ಬಸ್ ಸುದ್ದಿಗಳನ್ನು ಒಂದರ ಹಿಂದೆ ಒಂದು ಓದಿದರೆ ಗೊಂದಲ ಆಗದೇ ಇರುವುದಿಲ್ಲ. 2025ರ ಒಂದು ಸುದ್ದಿಯಲ್ಲಿ ಬಸ್ ದರ 2 ಪೌಂಡ್. ಇನ್ನೊಂದರಲ್ಲಿ 3 ಪೌಂಡ್.  ಮ್ಯಾಂಚೆಸ್ಟರ್‌ನ ಬಸ್ಸುಗಳೆಲ್ಲ ಮತ್ತೆ ಜನರ ಕೈಗೆ ಬಂದವು ಎಂದು ಆ ವರ್ಷದ ಜನವರಿಯಲ್ಲಿ ಸಂಭ್ರಮ. ಆದರೆ ಆ ಬಸ್ಸುಗಳನ್ನು ಓಡಿಸುತ್ತಿರುವುದು ಖಾಸಗಿ ಕಂಪನಿಗಳೇ. ಅಕ್ಟೋಬರ್‌ನಲ್ಲಿ ಹೊಸ ಬಸ್ ಕಾಯ್ದೆಯೂ ಬಂತು. ಹಾಗಾದರೆ ಇನ್ನು ಎಲ್ಲ ಊರಿಗೂ ಮ್ಯಾಂಚೆಸ್ಟರ್‌ನಂಥ ಬಸ್ ಸಿಗುತ್ತದಾ?

ಇದನ್ನು ಕಾಯ್ದೆಯ ಕಲಮುಗಳಿಂದ ಶುರು ಮಾಡಿದರೆ ತಲೆಗೆ ಹತ್ತುವುದು ಕಷ್ಟ. ಒಂದೇ ಒಂದು ಬಸ್ ಹಿಡಿದು ಹೊರಟರೆ ಸುಲಭ. ಆ ಬಸ್ಸು ಎಕ್ಸ್43. ಲ್ಯಾಂಕಾಶೈರ್‌ನ ಬರ್ನ್‌ಲಿಯಿಂದ ಹೊರಟು, ಒಂದು ಕಾಲದ ಗಿರಣಿ ಊರುಗಳ ನಡುವೆ ಇಳಿದು, ಮ್ಯಾಂಚೆಸ್ಟರ್ ನಗರಕ್ಕೆ ಹೋಗುತ್ತದೆ. ದೂರ ಸುಮಾರು 40 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಬಿಡದಿ ದಾಟಿದಷ್ಟು. ಈ ಚಿಕ್ಕ ದಾರಿಯಲ್ಲಿ ಇಂಗ್ಲೆಂಡಿನ ಬಸ್ ಸಮಸ್ಯೆ ಹೆಚ್ಚುಕಡಿಮೆ ಪೂರ್ತಿ ಇದೆ.

ಮೇಲಿನ ಅಂತಸ್ತಿನಿಂದ ಕಾಣುವುದು

ಈ ಬಸ್ಸಿಗೆ 'ವಿಚ್ ವೇ' ಎಂಬ ಹೆಸರಿದೆ. ಬರ್ನ್‌ಲಿಯ ಉತ್ತರಕ್ಕಿರುವ ಪೆಂಡಲ್ ಬೆಟ್ಟದ ಸುತ್ತಲಿನ ಕೆಲವರನ್ನು 1612ರಲ್ಲಿ ಮಾಟಗಾತಿಯರು ಎಂದು ಆರೋಪಿಸಿ ಗಲ್ಲಿಗೇರಿಸಿದ್ದರು. ಹೆಸರು ಬಂದಿದ್ದು ಅಲ್ಲಿಂದ. ಡಬಲ್ ಡೆಕ್ಕರ್ ಬಸ್ಸು. ಮೇಲಿನ ಅಂತಸ್ತಿನ ಮುಂದಿನ ಸೀಟಿಗೆ ಬೇಡಿಕೆ ಜಾಸ್ತಿ. ಅದಕ್ಕೆ ಕಾರಣ ಕಿಟಕಿಯಾಚೆಗಿನ ನೋಟ.

ಬರ್ನ್‌ಲಿಯ ಕಲ್ಲಿನ ಮನೆಗಳ ಸಾಲು ಮುಗಿಯುತ್ತಿದ್ದಂತೆ ರಸ್ತೆ ಮೇಲೇರುತ್ತದೆ. ಮರಗಳು ಕಡಿಮೆಯಾಗುತ್ತವೆ. ಎರಡೂ ಕಡೆ ಬೋಳು ಗುಡ್ಡಗಳು, ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ ಕಲ್ಲಿನ ಬೇಲಿಗಳು, ನಡುವೆ ಕುರಿಗಳು. ಆಮೇಲೆ ಲವ್‌ಕ್ಲಫ್, ಕ್ರಾಶಾಬೂತ್ ಎಂಬ ಪುಟ್ಟ ಊರುಗಳ ಮೂಲಕ ಒಂದು ಹಳ್ಳದ ಜೊತೆಗೇ ಇಳಿಯುತ್ತದೆ. ಆ ಹಳ್ಳ ರಾಟನ್‌ಸ್ಟಾಲ್‌ನಲ್ಲಿ ಇರ್ವೆಲ್ ನದಿಯನ್ನು ಸೇರುತ್ತದೆ. ಅಲ್ಲಿಂದ ಬಸ್ಸು ಲ್ಯಾಂಕಾಶೈರ್ ಗಡಿಯ ಎಡೆನ್‌ಫೀಲ್ಡ್ ಕಡೆಗೆ ಸಾಗಿ, ಎಂ66 ಹೆದ್ದಾರಿ ಹತ್ತಿ, ಬೆರಿ ಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ದಕ್ಷಿಣಕ್ಕೆ ಓಡುತ್ತದೆ. ಮೋಡವಿಲ್ಲದ ದಿನ ಮ್ಯಾಂಚೆಸ್ಟರ್‌ನ ಎತ್ತರದ ಕಟ್ಟಡಗಳು ದೂರದಿಂದಲೇ ಕಾಣುತ್ತವೆ.

ರಜೆಯಲ್ಲಿ ಬಂದವರಿಗೆ ಇದು ಚೆಂದದ ಸುತ್ತಾಟ. ರಾಟನ್‌ಸ್ಟಾಲ್‌ನವರಿಗೆ ಇದು ಕೆಲಸಕ್ಕೆ ಹೋಗುವ ದಾರಿ. ಆಸ್ಪತ್ರೆ, ಕಾಲೇಜು, ಮನೆಗೆ ವಾಪಸ್, ಎಲ್ಲವೂ ಈ ದಾರಿಯ ಮೇಲೆ ನಿಂತಿದೆ. ಈ ವ್ಯತ್ಯಾಸ ಮುಂದಿನ ಚರ್ಚೆಗೆ ಮುಖ್ಯ.

ಊರುಗಳು ಸಾಲಾಗಿ ನಿಂತಿದ್ದು ಹೇಗೆ

ಬಸ್ಸಿಗೂ ಗಿರಣಿಗೂ ಏನು ಸಂಬಂಧ ಎಂದು ಅನಿಸಬಹುದು. ತುಂಬಾ ಇದೆ.

ಹತ್ತಿ ಗಿರಣಿಗಳು ಮೊದಲು ನೀರಿನ ಶಕ್ತಿಯಿಂದ ನಡೆಯುತ್ತಿದ್ದವು. ಹಾಗಾಗಿ ಹಳ್ಳದ ದಂಡೆಯಲ್ಲೇ ಇರಬೇಕಿತ್ತು. ಆಮೇಲೆ ಉಗಿ ಯಂತ್ರ ಬಂತು. ಆಗಲೂ ಬಾಯ್ಲರ್‌ಗೆ ನೀರು ಬೇಕು, ಕಲ್ಲಿದ್ದಲು ತರಲು ಕಾಲುವೆಯೋ ರೈಲೋ ಬೇಕು. ಇವೆಲ್ಲ ಇದ್ದದ್ದು ಕಣಿವೆಯ ತಳದಲ್ಲಿ. ಗಿರಣಿ ಎಲ್ಲಿತ್ತೋ ಅದರ ಪಕ್ಕದಲ್ಲೇ ಕೆಲಸದವರ ಮನೆಗಳೆದ್ದವು. ಕೊನೆಗೆ ನದಿ, ರಸ್ತೆ, ರೈಲು, ಗಿರಣಿ, ಮನೆ ಎಲ್ಲವೂ ಒಂದೇ ಗೆರೆಯ ಮೇಲೆ ಬಂದವು. ಇಂಥ ಊರುಗಳಿಗೆ ಬಸ್ಸು ಹೇಳಿ ಮಾಡಿಸಿದಂಥದ್ದು. ಒಂದೇ ಬಸ್ಸು ಗೆರೆಯುದ್ದಕ್ಕೂ ಹೋದರೆ ಹೆಚ್ಚಿನ ಜನರ ಮನೆ ಬಾಗಿಲಿಗೇ ಬಂದಂತೆ.

ಕೆಲಸದ ಹಂಚಿಕೆಯೂ ಆಗಿತ್ತು. ದಕ್ಷಿಣದ ಓಲ್ಡಮ್, ಬೋಲ್ಟನ್ ಕಡೆ ನೂಲುವುದು. ಉತ್ತರದ ಬರ್ನ್‌ಲಿ, ನೆಲ್ಸನ್, ಬ್ಲ್ಯಾಕ್‌ಬರ್ನ್ ಕಡೆ ನೇಯುವುದು. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಬರ್ನ್‌ಲಿಯೊಂದರಲ್ಲೇ ಸುಮಾರು 1 ಲಕ್ಷ ಮಗ್ಗಗಳಿದ್ದವು. ಅಲ್ಲಿನ ಕ್ವೀನ್ ಸ್ಟ್ರೀಟ್ ಗಿರಣಿ 1982ರವರೆಗೂ ಉಗಿಯಿಂದಲೇ ನಡೆಯುತ್ತಿತ್ತು. ಈಗ ಅದು ವಸ್ತುಸಂಗ್ರಹಾಲಯ. ಅದರ ಉಗಿ ಯಂತ್ರದ ಹೆಸರು 'ಪೀಸ್'. ರಾಟನ್‌ಸ್ಟಾಲ್ ಸುತ್ತಲಿನ ರಾಸೆಂಡೇಲ್ ಕಣಿವೆಯಲ್ಲಿ ಹತ್ತಿಯ ಜೊತೆ ಉಣ್ಣೆಯ ಕೆಲಸವೂ ಇತ್ತು. ಉಣ್ಣೆಯ ಫೆಲ್ಟ್ ಬಟ್ಟೆಯ ಚೂರುಗಳಿಂದ ಮನೆಯೊಳಗೆ ಹಾಕುವ ಚಪ್ಪಲಿ ಮಾಡುವ ಉದ್ಯಮವೇ ಅಲ್ಲಿ ಬೆಳೆಯಿತು.

ತಯಾರಾದದ್ದೆಲ್ಲ ಮಾರಾಟವಾಗುತ್ತಿದ್ದುದು ಮ್ಯಾಂಚೆಸ್ಟರ್‌ನಲ್ಲಿ. ಅಂದರೆ ಕಣಿವೆಯ ಊರುಗಳು ಮತ್ತು ನಗರ ಒಂದೇ ವ್ಯವಸ್ಥೆಯ ಎರಡು ತುದಿಗಳಾಗಿದ್ದವು. ಗಿರಣಿಗಳು ಮುಚ್ಚಿದ ಮೇಲೂ ಆ ನಂಟು ಕಡಿಯಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ. ಮೊದಲು ಊರಲ್ಲೇ ಕೆಲಸವಿತ್ತು, ಬಟ್ಟೆ ನಗರಕ್ಕೆ ಹೋಗುತ್ತಿತ್ತು. ಈಗ ಊರಲ್ಲಿ ಕೆಲಸ ಕಡಿಮೆ, ಮನುಷ್ಯರೇ ನಗರಕ್ಕೆ ಹೋಗುತ್ತಾರೆ.

ಇವರಿಗೆ ರೈಲಿಲ್ಲವೇ? ಬರ್ನ್‌ಲಿಗೆ ಇದೆ. ಟಾಡ್‌ಮರ್ಡನ್ ಬಳಿ ಕಿತ್ತುಹಾಕಿದ್ದ ಒಂದು ತುಂಡು ಹಳಿಯನ್ನು ಮತ್ತೆ ಹಾಕಿ, 2015ರಲ್ಲಿ ಮ್ಯಾಂಚೆಸ್ಟರ್‌ಗೆ ನೇರ ರೈಲು ಬಿಟ್ಟರು. ಆದರೆ ರಾಟನ್‌ಸ್ಟಾಲ್‌ಗೆ ಬರುತ್ತಿದ್ದ ಪ್ರಯಾಣಿಕರ ರೈಲು 1972ರಲ್ಲಿ ನಿಂತುಹೋಯಿತು. ಈಗ ಆ ಹಳಿಯ ಮೇಲೆ ಓಡುವುದು ಪ್ರವಾಸಿಗರ ಹಳೇ ಉಗಿ ರೈಲು. ರಾಟನ್‌ಸ್ಟಾಲ್, ಹ್ಯಾಸ್ಲಿಂಗ್ಡನ್, ಬೇಕಪ್, ವಿಟ್‌ವರ್ತ್ ಸೇರಿದ ರಾಸೆಂಡೇಲ್‌ನಲ್ಲಿ ಸುಮಾರು 70 ಸಾವಿರ ಜನರಿದ್ದಾರೆ. ಕಾರಿಲ್ಲದವರಿಗೆ ನಗರ ಸೇರಲು ಬಸ್ಸೇ ಗತಿ.

1974ರ ಗೆರೆ

1974ರ ಏಪ್ರಿಲ್ 1ರಂದು ಇಂಗ್ಲೆಂಡಿನ ಜಿಲ್ಲೆಗಳ ಗಡಿಗಳನ್ನು ಹೊಸದಾಗಿ ಎಳೆದರು. ಗ್ರೇಟರ್ ಮ್ಯಾಂಚೆಸ್ಟರ್ ಹುಟ್ಟಿದ್ದು ಅಂದು. ಹತ್ತು ಸ್ಥಳೀಯ ಆಡಳಿತಗಳನ್ನು ಸೇರಿಸಿದ ದೊಡ್ಡ ಪ್ರದೇಶ ಅದು.

ಈ ಗೆರೆ ಇರ್ವೆಲ್ ಕಣಿವೆಯನ್ನು ನಡುವೆಯೇ ಕತ್ತರಿಸಿತು. ರ್‍ಯಾಮ್ಸ್‌ಬಾಟಮ್ ಎಂಬ ಪಟ್ಟಣ ಪುರಸಭೆಯ ಬಹುಭಾಗ ಬೆರಿಗೆ, ಅಂದರೆ ಗ್ರೇಟರ್ ಮ್ಯಾಂಚೆಸ್ಟರ್‌ಗೆ ಹೋಯಿತು. ಅದೇ ಪುರಸಭೆಯ ಭಾಗವಾಗಿದ್ದ ಎಡೆನ್‌ಫೀಲ್ಡ್ ಲ್ಯಾಂಕಾಶೈರ್‌ನಲ್ಲಿ, ರಾಸೆಂಡೇಲ್ ಜೊತೆ ಉಳಿಯಿತು. ವಿಟ್‌ವರ್ತ್‌ನ ಕಥೆಯೂ ಇಂಥದ್ದೇ. ಅದರ ಕಣಿವೆ ತೆರೆದುಕೊಳ್ಳುವುದು ರಾಚ್‌ಡೇಲ್ ಕಡೆಗೆ, ಬಸ್ಸು ಹೋಗುವುದೂ ಅಲ್ಲಿಗೇ. ರಾಚ್‌ಡೇಲ್ ಗ್ರೇಟರ್ ಮ್ಯಾಂಚೆಸ್ಟರ್. ವಿಟ್‌ವರ್ತ್ ಲ್ಯಾಂಕಾಶೈರ್.

ಆಗ ಇದರಿಂದ ಬಸ್ಸಿಗೆ ದೊಡ್ಡ ತೊಂದರೆಯಾಗಲಿಲ್ಲ. ಬಸ್ಸಿನ ವಿಷಯದಲ್ಲಿ ಈ ಗೆರೆಗೆ ಹಲ್ಲು ಮೂಡಿದ್ದು ಐವತ್ತು ವರ್ಷದ ಮೇಲೆ.

1986: ಯಾರು ಬೇಕಾದರೂ ಓಡಿಸಿ

ನಡುವೆ ಇನ್ನೊಂದು ದೊಡ್ಡ ತಿರುವು ಬಂತು. ಮಾರ್ಗರೆಟ್ ಥ್ಯಾಚರ್ ಸರ್ಕಾರದ 1985ರ ಸಾರಿಗೆ ಕಾಯ್ದೆ. ಜಾರಿಗೆ ಬಂದಿದ್ದು 1986ರ ಅಕ್ಟೋಬರ್ 26. ಲಂಡನ್ ಬಿಟ್ಟು ಬ್ರಿಟನ್ನಿನ ಉಳಿದೆಡೆ ಬಸ್ ವ್ಯವಹಾರವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟರು.

ಇದು ಎಷ್ಟು ದೊಡ್ಡ ಬದಲಾವಣೆ ಎನ್ನುವುದು ಕರ್ನಾಟಕದ ಓದುಗರಿಗೆ ಬೇಗ ಹೊಳೆಯಲಿಕ್ಕಿಲ್ಲ. ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ಸುಗಳು ಜಾಸ್ತಿ ಇವೆ ನಿಜ. ಆದರೂ ಅಲ್ಲಿ ಮಾರ್ಗಕ್ಕೆ ಪರ್ಮಿಟ್ ಬೇಕು, ದರ ನಿಗದಿ ಮಾಡುವುದು ಸರ್ಕಾರ. ಇಂಗ್ಲೆಂಡಿನಲ್ಲಿ ಅದೂ ಬೇಡವಾಯಿತು. ಸುರಕ್ಷತೆಯ ಲೈಸೆನ್ಸ್ ಇದ್ದ ಕಂಪನಿ 42 ದಿನ ಮುಂಚೆ ತಿಳಿಸಿ, ತನಗೆ ಬೇಕಾದ ಮಾರ್ಗದಲ್ಲಿ, ಬೇಕಾದ ದರಕ್ಕೆ ಬಸ್ ಓಡಿಸಬಹುದಿತ್ತು. ನಿಲ್ಲಿಸುವುದೂ ಅಷ್ಟೇ ಸುಲಭ. ಲಾಭ ಬರದ ಮಾರ್ಗ ಬೇಕು ಅಂದರೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ತನ್ನ ಹಣ ಕೊಟ್ಟು ಟೆಂಡರ್ ಕರೆಯಬೇಕಿತ್ತು.

ಪೈಪೋಟಿಯಿಂದ ದರ ಇಳಿಯುತ್ತದೆ, ಜನ ಹೆಚ್ಚುತ್ತಾರೆ ಎಂಬುದು ಆಗಿನ ವಾದ. ಆದದ್ದು ಬೇರೆ. ಜನ ತುಂಬಿದ ಕೆಲವೇ ರಸ್ತೆಗಳಿಗೆ ಎಲ್ಲರೂ ಮುಗಿಬಿದ್ದರು. ಮ್ಯಾಂಚೆಸ್ಟರ್‌ನ ವಿಲ್ಮ್‌ಸ್ಲೋ ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು. ಹೊರವಲಯದಲ್ಲಿ ಸಂಜೆಯ ಮೇಲೆ ಬಸ್ಸೇ ಇಲ್ಲ. ಒಂದು ಕಂಪನಿಯ ಪಾಸು ಇನ್ನೊಂದರಲ್ಲಿ ನಡೆಯದು. ಕೆಲವು ವರ್ಷಗಳಲ್ಲಿ ದೊಡ್ಡ ಕಂಪನಿಗಳು ಸಣ್ಣವನ್ನು ನುಂಗಿದವು. ಆಮೇಲೆ ಪೈಪೋಟಿಯೂ ಉಳಿಯಲಿಲ್ಲ.

ಊರಿನ ಸ್ವಂತ ಬಸ್ ಕಂಪನಿಗಳೂ ಒಂದೊಂದಾಗಿ ಕೈಬಿಟ್ಟು ಹೋದವು. ರಾಸೆಂಡೇಲ್ ಕೌನ್ಸಿಲ್‌ಗೆ ತನ್ನದೇ ಬಸ್ ಕಂಪನಿ ಇತ್ತು. ಜನ ಪ್ರೀತಿಯಿಂದ 'ರಾಸೊ' ಎನ್ನುತ್ತಿದ್ದರು. ಬಹಳ ಕಾಲ ತಾಳಿಕೊಂಡು, 2018ರಲ್ಲಿ ಅದೂ ಮಾರಾಟವಾಯಿತು. ಕೊಂಡದ್ದು ಟ್ರಾನ್ಸ್‌ಡೆವ್ ಗುಂಪು. ವಿಚ್ ವೇ ಓಡಿಸುವ ಬರ್ನ್‌ಲಿ ಬಸ್ ಕಂಪನಿಯೂ ಅದೇ ಗುಂಪಿನದು.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿಚ್ ವೇ ಈ ಮಾರುಕಟ್ಟೆ ಪದ್ಧತಿಯ ಒಳ್ಳೆಯ ಫಲ. ಹೆಸರಿಟ್ಟು, ಬಣ್ಣ ಬಳಿದು, ಒಳ್ಳೆಯ ಸೀಟು ಹಾಕಿ, ಕಾರು ಬಿಟ್ಟು ಬಸ್ ಹತ್ತುವಂತೆ ಮಾಡಿದ್ದು ಖಾಸಗಿ ಕಂಪನಿಯೇ. 1986ರ ಪದ್ಧತಿಯಲ್ಲಿ ಎಲ್ಲವೂ ಕೆಟ್ಟದ್ದು ಎಂದು ಬರೆಯುವವರು ಈ ಬಸ್ಸನ್ನು ಮರೆಯಬಾರದು.

ಹಳದಿ ಬಸ್ಸುಗಳು ಬಂದದ್ದು ಹೀಗೆ

2017ರ ಬಸ್ ಕಾಯ್ದೆ ಮೇಯರ್ ಇರುವ ದೊಡ್ಡ ನಗರ ಪ್ರದೇಶಗಳಿಗೆ ಒಂದು ಅಧಿಕಾರ ಕೊಟ್ಟಿತು. ಬೇಕಿದ್ದರೆ ಮಾರುಕಟ್ಟೆ ಪದ್ಧತಿ ಕೈಬಿಟ್ಟು, ಲಂಡನ್‌ನ ಹಾಗೆ ಗುತ್ತಿಗೆ ಪದ್ಧತಿಗೆ ಬರಬಹುದು. ಗ್ರೇಟರ್ ಮ್ಯಾಂಚೆಸ್ಟರ್ ಮೇಯರ್ ಆಂಡಿ ಬರ್ನಮ್ 2021ರ ಮಾರ್ಚ್‌ನಲ್ಲಿ ಆ ತೀರ್ಮಾನ ತೆಗೆದುಕೊಂಡರು. ಸ್ಟೇಜ್‌ಕೋಚ್ ಮತ್ತು ರೊಟಾಲ ಕಂಪನಿಗಳು ಕೋರ್ಟಿಗೆ ಹೋದವು. 2022ರಲ್ಲಿ ಸೋತವು. 2023ರ ಸೆಪ್ಟೆಂಬರ್‌ನಲ್ಲಿ ಬೋಲ್ಟನ್, ವಿಗನ್ ಕಡೆ ಶುರುವಾಗಿ, 2025ರ ಜನವರಿ 5ಕ್ಕೆ ಇಡೀ ಗ್ರೇಟರ್ ಮ್ಯಾಂಚೆಸ್ಟರ್‌ನ ಸುಮಾರು 1,600 ಬಸ್ಸುಗಳು ಹೊಸ ಪದ್ಧತಿಗೆ ಬಂದವು. ಎಲ್ಲಕ್ಕೂ ಹಳದಿ ಬಣ್ಣ. ಹೆಸರು 'ಬೀ ನೆಟ್‌ವರ್ಕ್'. ಜೇನುಹುಳು ಗಿರಣಿಗಳ ಕಾಲದಿಂದ ಮ್ಯಾಂಚೆಸ್ಟರ್‌ನ ದುಡಿಮೆಯ ಗುರುತು.

ಗುತ್ತಿಗೆ ಪದ್ಧತಿ ಅಂದರೆ ಏನು? ಇದಕ್ಕೆ ಬೆಂಗಳೂರಿನ ಉದಾಹರಣೆಯೇ ಸಾಕು. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಹೆಚ್ಚಿನವು ಬಿಎಂಟಿಸಿಯ ಸ್ವಂತದ್ದಲ್ಲ. ಬಸ್ಸು, ಡ್ರೈವರ್ ಖಾಸಗಿ ಕಂಪನಿಯವರು. ಕಿಲೋಮೀಟರಿಗೆ ಇಷ್ಟು ಎಂದು ಅವರಿಗೆ ಹಣ ಸಿಗುತ್ತದೆ. ದರ ಸರ್ಕಾರ ಒಪ್ಪಿದ್ದು, ಮಾರ್ಗ, ವೇಳೆ ನಿರ್ಧರಿಸುವುದು ಬಿಎಂಟಿಸಿ. ಟಿಕೆಟ್ ಹಣವೂ ಅದಕ್ಕೇ. ಮ್ಯಾಂಚೆಸ್ಟರ್‌ನದ್ದೂ ಹೆಚ್ಚುಕಡಿಮೆ ಇದೇ. ಹಾಗಾಗಿಯೇ "ಜನರ ಕೈಗೆ ಬಂತು" ಎನ್ನುವುದೂ ನಿಜ, "ಖಾಸಗಿಯವರು ಓಡಿಸುತ್ತಾರೆ" ಎನ್ನುವುದೂ ನಿಜ. ಕೋರ್ಟಿಗೆ ಹೋಗಿದ್ದ ಸ್ಟೇಜ್‌ಕೋಚ್ ಆಮೇಲೆ ಟೆಂಡರ್ ಹಾಕಿ ಗುತ್ತಿಗೆ ಪಡೆಯಿತು.

ಇದು ಸುಮ್ನೆ ಆಗಿಲ್ಲ. ಹಳೆಯದರಿಂದ ಹೊಸದಕ್ಕೆ ಬದಲಾಯಿಸುವುದಕ್ಕೇ 13.45 ಕೋಟಿ ಪೌಂಡ್ ಲೆಕ್ಕ ಹಾಕಿದ್ದರು. ಸ್ವಲ್ಪ ಭಾಗ ಅಲ್ಲಿನ ಮನೆ ತೆರಿಗೆಯಿಂದಲೂ ಬಂತು. ಜೊತೆಗೆ ನಷ್ಟದ ಹೊರೆ ಈಗ ಕಂಪನಿಯದ್ದಲ್ಲ, ಸಾರ್ವಜನಿಕ ಸಂಸ್ಥೆಯದ್ದು. ಜನ ಬಸ್ ಹತ್ತದಿದ್ದರೂ ಗುತ್ತಿಗೆದಾರನಿಗೆ ಹಣ ಕೊಡಲೇಬೇಕು.

ದರದ ಗೊಂದಲ ಬಿಡಿಸೋಣ

ಈಗ ದರಕ್ಕೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಯೋಜನೆಗಳು ಕಲಸಿಹೋಗಿವೆ.

ಮೊದಲನೆಯದು ಕೇಂದ್ರ ಸರ್ಕಾರದ್ದು. 2023ರ ಜನವರಿಯಿಂದ ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳಲ್ಲಿ ಒಂದು ಸಲದ ಟಿಕೆಟ್ 2 ಪೌಂಡ್ ಮೀರಬಾರದು ಎಂದಾಯಿತು. ಕಂಪನಿಗೆ ಆದ ಕೊರತೆಯನ್ನು ಸರ್ಕಾರ ತುಂಬಿಕೊಟ್ಟಿತು. 2025ರ ಜನವರಿಯಿಂದ ಆ ಮಿತಿ 3 ಪೌಂಡ್‌ಗೆ ಏರಿತು. ಅದನ್ನು 2027ರ ಮಾರ್ಚ್‌ವರೆಗೆ ಮುಂದುವರಿಸುವುದಾಗಿ ಸರ್ಕಾರ ಹೇಳಿದೆ.

ಎರಡನೆಯದು ಮ್ಯಾಂಚೆಸ್ಟರ್‌ನದ್ದು. ದೇಶದ ಮಿತಿ 3 ಪೌಂಡ್ ಆದಾಗಲೂ ತನ್ನ ಗಡಿಯೊಳಗೆ 2 ಪೌಂಡನ್ನೇ ಉಳಿಸಿಕೊಂಡಿತು. ದರ ತನ್ನ ಕೈಯಲ್ಲಿರುವುದರಿಂದ ಅದು ಸಾಧ್ಯವಾಯಿತು. 2025ರ ಮಾರ್ಚ್‌ನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಆ 2 ಪೌಂಡೇ ಸಾಕು.

ಈಗ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರ್‍ಯಾಮ್ಸ್‌ಬಾಟಮ್‌ನವರು ಬಸ್ ಹತ್ತಿ ಬೆರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಗರದ ಕಡೆ ಹೊರಟರೆ 2 ಪೌಂಡ್. ವಾಪಸ್ ಬರುವುದೂ ಸೇರಿ ದಿನಕ್ಕೆ 4. ರಾಟನ್‌ಸ್ಟಾಲ್ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ. ಅಲ್ಲಿನವರು ಗಡಿ ದಾಟುವ ಬಸ್ಸಿಗೆ 3 ಪೌಂಡ್‌ವರೆಗೆ ಕೊಡುತ್ತಾರೆ. ನಗರದೊಳಗೆ ಇನ್ನೊಂದು ಹಳದಿ ಬಸ್ ಹತ್ತಿದರೆ ಮತ್ತೆ 2. ಒಂದು ಕಡೆಗೆ 5, ದಿನಕ್ಕೆ 10 ಪೌಂಡ್. ತಿಂಗಳಿಗೆ 20 ದಿನ ಕೆಲಸ ಎಂದರೆ ಇಬ್ಬರ ನಡುವಿನ ವ್ಯತ್ಯಾಸ 120 ಪೌಂಡ್. ವಾರದ ಪಾಸು ತೆಗೆದುಕೊಂಡರೆ ಇದು ಸ್ವಲ್ಪ ಕಡಿಮೆಯಾಗಬಹುದು. ಆದರೂ ಒಂದೇ ನದಿಯ ದಂಡೆಯ ಎರಡು ಊರುಗಳ ನಡುವೆ ಇಷ್ಟು ಅಂತರ ಹುಟ್ಟಿಸಿದ್ದು 1974ರ ಆ ಗೆರೆ.

ಗಡಿ ದಾಟುವ ಬಸ್ಸಿನ ಪಾಡು

ಗುತ್ತಿಗೆ ಪದ್ಧತಿ ಇರುವ ಪ್ರದೇಶದೊಳಗೆ ಬೇರೆ ಕಂಪನಿ ಸುಮ್ಮನೆ ಬಸ್ ತರುವಂತಿಲ್ಲ. ಪರ್ಮಿಟ್ ಬೇಕು. 2017ರ ಕಾಯ್ದೆಯ ಪ್ರಕಾರ ಪರ್ಮಿಟ್ ಕೊಡುವ ಮುನ್ನ ಎರಡು ಸಂಗತಿ ನೋಡಬೇಕು. ಈ ಬಸ್ಸಿನಿಂದ ಪ್ರಯಾಣಿಕರಿಗೆ ಅನುಕೂಲವಿದೆಯೇ? ಗುತ್ತಿಗೆ ಬಸ್ಸುಗಳಿಗೆ ಇದರಿಂದ ಹೊಡೆತ ಬೀಳುತ್ತದೆಯೇ? ಪರ್ಮಿಟ್ ಜೊತೆಗೆ ಷರತ್ತುಗಳನ್ನೂ ಹಾಕಬಹುದು.

ಕಂಪನಿಯ ಕಡೆಯಿಂದ ನೋಡಿದರೆ ತೊಂದರೆ ಎಲ್ಲಿ ಎಂದು ತಿಳಿಯುತ್ತದೆ. ಉದ್ದನೆಯ ಮಾರ್ಗದ ಬಸ್ಸು ಬದುಕುವುದು ತುದಿಯಿಂದ ತುದಿಗೆ ಹೋಗುವವರಿಂದ ಮಾತ್ರ ಅಲ್ಲ. ನಡುವೆ ಹತ್ತಿ ಇಳಿಯುವವರೂ ಬೇಕು. ನಗರದ ಹತ್ತಿರದ ರಸ್ತೆಗಳಲ್ಲಿ ಹಳದಿ ಬಸ್ಸುಗಳು ಹೆಚ್ಚಾಗಿ, ಅವಕ್ಕೆ ಒಂದು ಗಂಟೆಯ ಟಿಕೆಟ್ ಸೌಲಭ್ಯವೂ ಇದ್ದರೆ, ಆ ನಡುವಿನ ಪ್ರಯಾಣಿಕರು ಅತ್ತ ಸರಿಯುತ್ತಾರೆ. ಆಗ ಗಡಿಯಾಚೆಯ ಬಸ್ಸಿನ ಆದಾಯ ಇಳಿಯುತ್ತದೆ. ಆದಾಯ ಇಳಿದರೆ ಮೊದಲು ಹೋಗುವುದು ರಾತ್ರಿಯ ಮತ್ತು ಭಾನುವಾರದ ಬಸ್ಸು. ಅದು ಹೋದರೆ ಸಂಜೆ ಪಾಳಿಯವರು ಬಸ್ಸನ್ನು ನಂಬುವಂತಿಲ್ಲ. ಅವರು ಬೆಳಗಿನ ಬಸ್ಸನ್ನೂ ಬಿಟ್ಟು ಕಾರು ಕೊಳ್ಳುತ್ತಾರೆ, ಇಲ್ಲವೇ ಆ ಕೆಲಸವನ್ನೇ ಬಿಡುತ್ತಾರೆ. ಒಂದು ಬಸ್ ಕಡಿತ ಮುಂದಿನ ಕಡಿತಕ್ಕೆ ದಾರಿ ಮಾಡುವುದು ಹೀಗೆ. 1986ರ ನಂತರ ಇಂಗ್ಲೆಂಡಿನ ಸಣ್ಣ ಊರುಗಳು ಇದನ್ನು ಮತ್ತೆ ಮತ್ತೆ ಕಂಡಿವೆ.

ಇದರ ಒಂದು ಲಕ್ಷಣ ಆಗಲೇ ಕಂಡಿದೆ. ರಾಸೊ ಮೊದಲು ಬೆರಿ, ರಾಚ್‌ಡೇಲ್‌ಗಳ ಒಳಗೂ ಮಾರ್ಗಗಳನ್ನು ನಡೆಸುತ್ತಿತ್ತು. 2024ರ ಮಾರ್ಚ್‌ನಲ್ಲಿ ಆ ಭಾಗ ಗುತ್ತಿಗೆಗೆ ಹೋದಾಗ ಅವು ಕೈತಪ್ಪಿದವು. ಸಣ್ಣ ಕಂಪನಿಯ ಕಚೇರಿ, ಡಿಪೋ, ರಿಪೇರಿಯ ಖರ್ಚು ಈಗ ಉಳಿದ ಕಡಿಮೆ ಮಾರ್ಗಗಳ ಮೇಲೆ ಬೀಳುತ್ತದೆ.

ಯಾರ ವಾದ ಏನು

ಮ್ಯಾಂಚೆಸ್ಟರ್ ಕಡೆಯ ವಾದ ಸರಳ. ನಮ್ಮ ತೆರಿಗೆದಾರರ ಹಣದಿಂದ ಕಡಿಮೆ ದರ ಕೊಡುತ್ತಿದ್ದೇವೆ. ಗಡಿಯಾಚೆಯವರು ಆ ತೆರಿಗೆ ಕಟ್ಟುವುದಿಲ್ಲ, ನಮ್ಮ ಮೇಯರ್‌ಗೆ ಓಟೂ ಹಾಕುವುದಿಲ್ಲ. ಅವರ ಟಿಕೆಟ್ಟಿಗೆ ನಾವು ಯಾಕೆ ಹಣ ಕೊಡಬೇಕು? ಇದರಲ್ಲಿ ನ್ಯಾಯವಿದೆ. ಕರ್ನಾಟಕದಲ್ಲೂ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಿಕ್ಕಿದ್ದು ರಾಜ್ಯದ ಮಹಿಳೆಯರಿಗೆ. ಯಾರ ಖಜಾನೆಯೋ ಅವರ ಜನರಿಗೆ ಸೌಲಭ್ಯ ಎಂಬ ತತ್ವ ಎಲ್ಲ ಕಡೆಯೂ ಇದೆ.

ಕಣಿವೆಯ ಊರುಗಳ ಮಾತೂ ಸುಳ್ಳಲ್ಲ. ನಾವು ನಗರದಲ್ಲಿ ದುಡಿಯುತ್ತೇವೆ, ಅಲ್ಲಿ ಖರ್ಚು ಮಾಡುತ್ತೇವೆ. ನಮ್ಮ ದುಡಿಮೆಯಿಂದ ಆ ನಗರ ಬೆಳೆಯುತ್ತಿದೆ. ನಾವು ಕಾರಿನಲ್ಲಿ ಬಂದರೆ ಎಂ66ರಲ್ಲಿ ದಟ್ಟಣೆ ಆಗುವುದು ಅವರಿಗೇ. ನಾವು ಬಸ್ಸಿನಲ್ಲಿ ಬಂದರೆ ಲಾಭ ಇಬ್ಬರಿಗೂ ಅಲ್ವಾ?

ಲ್ಯಾಂಕಾಶೈರ್ ಆಡಳಿತದ ಸ್ಥಿತಿ ಬೇರೆ. ಅದು ದೊಡ್ಡ ಜಿಲ್ಲೆ. ಸಮುದ್ರ ತೀರದಿಂದ ಯಾರ್ಕ್‌ಶೈರ್ ಗಡಿಯವರೆಗೆ ಹಳ್ಳಿ, ಪಟ್ಟಣ ಚದುರಿಕೊಂಡಿವೆ. ಮ್ಯಾಂಚೆಸ್ಟರ್‌ನಲ್ಲಿ ಜನ ತುಂಬಿದ ಮಾರ್ಗದ ಆದಾಯದಿಂದ ಖಾಲಿ ಮಾರ್ಗವನ್ನು ನಡೆಸಬಹುದು. ಇಲ್ಲಿ ತುಂಬಿದ ಮಾರ್ಗಗಳೇ ಕಡಿಮೆ. ಹಾಗಾಗಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ನಡೆಯುವ ಪಾಲುದಾರಿಕೆ ಪದ್ಧತಿಯನ್ನು ಅದು ಹಿಡಿದಿದೆ. ಅದರ ಕಷ್ಟ ಅರ್ಥವಾಗುವಂಥದ್ದೇ.

ಮೂರೂ ವಾದಗಳು ಅವರವರ ಜಾಗದಲ್ಲಿ ಸರಿ. ತಪ್ಪಿರುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಎಲ್ಲರೂ ತಮ್ಮ ಗಡಿಯನ್ನು ಮೊದಲಿಟ್ಟು ಬಸ್ಸನ್ನು ನೋಡುತ್ತಿದ್ದಾರೆ. ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಮೊದಲಿಟ್ಟರೆ ಬರ್ನ್‌ಲಿ, ರಾಟನ್‌ಸ್ಟಾಲ್, ಮ್ಯಾಂಚೆಸ್ಟರ್ ಒಂದೇ ಮಾರ್ಗ. ಅದನ್ನು ಎರಡು ತುಂಡು ಮಾಡಿ ನಡೆಸಲು ಹೋದರೆ ತೂತು ಬೀಳುವುದು ನಡುವಿನ ಊರಿಗೆ.

ಕಾರವಾರದ ನೆನಪು

ಗಡಿ ಬದಲಾಗದು, ಹಾಗಾಗಿ ಹೊಂದಿಕೊಳ್ಳಬೇಕು ಎನ್ನುವವರಿದ್ದಾರೆ. ಇದೇ ಮ್ಯಾಂಚೆಸ್ಟರ್‌ನ ಹಿಂದಿನವರು ಹಾಗೆ ಯೋಚಿಸಿರಲಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಹತ್ತಿ ಬರುವುದು ನಿಂತು ಲ್ಯಾಂಕಾಶೈರ್‌ನ ಗಿರಣಿಗಳು ಬಾಗಿಲು ಹಾಕಿದವು. ಕೂಲಿಕಾರರ ಮನೆಗಳಲ್ಲಿ ಒಲೆ ಹತ್ತಲಿಲ್ಲ. ಹತ್ತಿ ಬೇರೆ ಎಲ್ಲಿ ಸಿಗುತ್ತದೆ ಎಂದು ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು ಹುಡುಕಿದಾಗ ಕಣ್ಣಿಗೆ ಬಿದ್ದ ಜಾಗಗಳಲ್ಲಿ ಧಾರವಾಡವೂ ಒಂದು. ಅಲ್ಲಿನ ಕಪ್ಪು ನೆಲದಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತುತ್ತಿದ್ದರು. ಆ ಹತ್ತಿಯನ್ನು 'ಧಾರವಾಡ ಅಮೆರಿಕನ್' ಎಂದೇ ಕರೆಯುತ್ತಿದ್ದರು.

ಹತ್ತಿ ಇತ್ತು, ಹತ್ತಿರದ ಬಂದರು ಕಾರವಾರವೂ ಇತ್ತು. ಆದರೆ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ಘಟ್ಟದ ರಸ್ತೆಯ ಒಂದು ತುದಿ ಒಬ್ಬರದು, ಇನ್ನೊಂದು ತುದಿ ಇನ್ನೊಬ್ಬರದು. ಹಣ ಯಾರು ಹಾಕಬೇಕು? ಮದ್ರಾಸಿಗೆ ಕಾರವಾರ ದೂರದ ಮೂಲೆ. ಹತ್ತಿಯ ದಾರಿ ಪೂರ್ತಿ ಒಂದೇ ಆಡಳಿತದ ಕೈಯಲ್ಲಿರಬೇಕು ಎಂದು ಮ್ಯಾಂಚೆಸ್ಟರ್ ಒತ್ತಡ ಹಾಕಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈಗೆ ಸೇರಿಸಿದರು. ಅದರಲ್ಲಿ ಅಲ್ಲಿನ ಜನರ ಅನುಕೂಲ ಎಷ್ಟಿತ್ತು ಎನ್ನುವುದು ಬೇರೆ ಮಾತು. ಅದು ವಸಾಹತಿನ ಲೆಕ್ಕಾಚಾರ. ಆದರೆ ಒಂದು ದಾರಿ ಎರಡು ಆಡಳಿತಗಳ ನಡುವೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಆ ವ್ಯಾಪಾರಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಹತ್ತಿಗೆ ಅಂದು ಸಿಕ್ಕ ಗಮನ ಇಂದು ಅದೇ ಗಿರಣಿ ಊರುಗಳ ಪ್ರಯಾಣಿಕರಿಗೂ ಸಿಗಬೇಕು. ಅದಕ್ಕೆ ಗಡಿಯನ್ನೇ ಸರಿಸಬೇಕಿಲ್ಲ. ಮಾರ್ಗವೊಂದನ್ನು ಇಬ್ಬರೂ ಕೂಡಿ ನಡೆಸಿದರೆ ಸಾಕು.

ಹೊಸ ಕಾಯ್ದೆ ಏನು ಬದಲಾಯಿಸುತ್ತದೆ

2025ರ ಅಕ್ಟೋಬರ್‌ನ ಕಾಯ್ದೆ ಇಂಗ್ಲೆಂಡಿನ ಎಲ್ಲ ಸ್ಥಳೀಯ ಸಾರಿಗೆ ಆಡಳಿತಗಳಿಗೂ ಗುತ್ತಿಗೆ ಪದ್ಧತಿಗೆ ಬರುವ ದಾರಿ ತೆರೆದಿದೆ. ಮೇಯರ್ ಇರಲೇಬೇಕು ಎಂದಿಲ್ಲ. ಕೌನ್ಸಿಲ್‌ಗಳು ಹೊಸದಾಗಿ ಸ್ವಂತ ಬಸ್ ಕಂಪನಿ ಕಟ್ಟಬಾರದು ಎಂದು 2017ರ ಕಾಯ್ದೆ ಹಾಕಿದ್ದ ತಡೆಯೂ ಹೋಗಿದೆ. ರಾಸೊ ಮಾರಾಟವಾದ ಏಳು ವರ್ಷದ ಮೇಲೆ ಈ ಬಾಗಿಲು ತೆರೆದದ್ದು ಆ ಊರಿನವರಿಗೆ ನೋವಿನ ವಿಷಯವೇ.

ರಾಟನ್‌ಸ್ಟಾಲ್‌ನಂಥ ಊರಿಗೆ ಹೆಚ್ಚು ಉಪಯೋಗ ಆಗಬಹುದಾದದ್ದು ಇನ್ನೊಂದು ಅಂಶ. ಪಾಲುದಾರಿಕೆ ಪದ್ಧತಿ ಇರುವ ಕಡೆ, ಜನಜೀವನಕ್ಕೆ ಅಗತ್ಯವಾದ ಬಸ್ ಮಾರ್ಗಗಳನ್ನು ಗುರುತಿಸಿ ಪಟ್ಟಿ ಮಾಡಬೇಕು. ಅವುಗಳನ್ನು ಕಡಿಯುವ ಮುನ್ನ ಕಂಪನಿ ಒಂದು ಕ್ರಮ ಪಾಲಿಸಬೇಕು. ಇಂದು ನೋಟಿಸ್, ನಾಳೆ ಬಂದ್ ಎಂಬಂತೆ ಇನ್ನು ಆಗದು. ವಿಚ್ ವೇಯಂಥ ಮಾರ್ಗ ಆ ಪಟ್ಟಿಯಲ್ಲಿ ಇರಲೇಬೇಕು.

ಆದರೆ ಅಧಿಕಾರ ಬಂತು ಎಂದ ಮಾತ್ರಕ್ಕೆ ಹಣ ಬಂದಂತಲ್ಲ. ಮ್ಯಾಂಚೆಸ್ಟರ್‌ನ ಬದಲಾವಣೆಗೆ ನಾಲ್ಕು ವರ್ಷ, ಕೋರ್ಟ್ ಕೇಸು, ಕೋಟ್ಯಂತರ ಪೌಂಡ್ ಹಿಡಿಯಿತು. ಲ್ಯಾಂಕಾಶೈರ್ ಈಗ ತನ್ನ ಎರಡು ಹಂತದ ಸ್ಥಳೀಯ ಆಡಳಿತವನ್ನು ಒಂದೇ ಹಂತಕ್ಕೆ ತರುವ ದೊಡ್ಡ ಬದಲಾವಣೆಯಲ್ಲಿದೆ. ಅದರ ನಡುವೆ ಬಸ್ಸಿನ ಗುತ್ತಿಗೆಯನ್ನೂ ಹೊತ್ತುಕೊಳ್ಳುವುದು ಕಷ್ಟ.

ಮುಂದೇನಾಗಬಹುದು

ಮೂರು ದಾರಿಗಳು ಕಾಣುತ್ತವೆ. ಈಗಿನಂತೆಯೇ ಪರ್ಮಿಟ್ ಮೇಲೆ ಖಾಸಗಿ ಕಂಪನಿ ಓಡಿಸುವುದು ಒಂದು. ಲಾಭ ಇರುವವರೆಗೆ ಇದು ನಡೆಯುತ್ತದೆ. ಇನ್ನೊಂದು, ಮ್ಯಾಂಚೆಸ್ಟರ್ ತನ್ನ ಹಳದಿ ಬಸ್ಸನ್ನೇ ಗಡಿ ದಾಟಿಸಿ ರಾಟನ್‌ಸ್ಟಾಲ್‌ವರೆಗೆ ಕಳಿಸುವುದು. ಆಗ ಅಷ್ಟು ದೂರದ ಖರ್ಚನ್ನು ಲ್ಯಾಂಕಾಶೈರ್ ಹಂಚಿಕೊಳ್ಳಬೇಕು. ಮೂರನೆಯದು ಬಸ್ಸು ಯಾರದ್ದಾದರೂ ಇರಲಿ, ಟಿಕೆಟ್ ಒಂದೇ ಮಾಡುವುದು. ರಾಟನ್‌ಸ್ಟಾಲ್‌ನಲ್ಲಿ ಕಾರ್ಡ್ ತಾಗಿಸಿದವರಿಗೂ ನಗರದ ಒಳಗಿನ ಎರಡನೇ ಬಸ್ಸು ಸೇರಿಯೇ ಲೆಕ್ಕವಾಗಬೇಕು.

ನನಗೆ ಮೂರನೆಯದು ಮೊದಲು ಆಗಬೇಕು ಅನಿಸುತ್ತದೆ. ಖರ್ಚು ಕಡಿಮೆ, ಬೇಗ ಆಗುತ್ತದೆ, ಯಾರ ಅಧಿಕಾರವನ್ನೂ ಕಿತ್ತುಕೊಳ್ಳುವುದಿಲ್ಲ. ಇಂಗ್ಲೆಂಡಿನ ಹಿರಿಯ ನಾಗರಿಕರ ಉಚಿತ ಪಾಸು 2008ರಿಂದ ದೇಶದ ಯಾವ ಕಂಪನಿಯ ಬಸ್ಸಿನಲ್ಲೂ, ಯಾವ ಗಡಿಯಾಚೆಗೂ ನಡೆಯುತ್ತದೆ. ಹಣ ಆಮೇಲೆ ಕಂಪನಿಗೆ ಸಂದಾಯವಾಗುತ್ತದೆ. ಅಂದರೆ ಗಡಿ ದಾಟಿದ ಪ್ರಯಾಣದ ಲೆಕ್ಕ ಹಂಚಿಕೊಳ್ಳುವ ಅಭ್ಯಾಸ ಅಲ್ಲಿನ ಆಡಳಿತಗಳಿಗೆ ಇದ್ದೇ ಇದೆ. ನಿವೃತ್ತರಿಗೆ ಆಗಿರುವುದು ದುಡಿಯುವ ವಯಸ್ಸಿನವರಿಗೆ ಆಗದೇ ಇರಲು ತಾಂತ್ರಿಕ ಕಾರಣ ಕಾಣುವುದಿಲ್ಲ.

ಕಾಯಲು ಬಹಳ ಸಮಯವಿಲ್ಲ. 3 ಪೌಂಡಿನ ಮಿತಿ 2027ರ ಮಾರ್ಚ್‌ಗೆ ಮುಗಿಯುತ್ತದೆ. ಅದರ ನಂತರವೂ ಗ್ರೇಟರ್ ಮ್ಯಾಂಚೆಸ್ಟರ್‌ನ ದರ ಅದರ ಕೈಯಲ್ಲೇ ಇರುತ್ತದೆ. ಗಡಿ ದಾಟುವ ಬಸ್ಸಿನ ದರವನ್ನು ಮಾತ್ರ ಆಗ ಯಾರೂ ಹಿಡಿದಿಟ್ಟಿರುವುದಿಲ್ಲ. ರ್‍ಯಾಮ್ಸ್‌ಬಾಟಮ್ ಮತ್ತು ರಾಟನ್‌ಸ್ಟಾಲ್ ನಡುವೆ ಇಂದು ದಿನಕ್ಕೆ 6 ಪೌಂಡ್ ಇರುವ ಅಂತರ ಅಂದು ಎಷ್ಟಾಗುತ್ತದೆ ಎಂಬುದನ್ನು ಎರಡೂ ಆಡಳಿತಗಳು ಈಗಲೇ ಕೂತು ಮಾತಾಡಬೇಕಿದೆ.